ಮುಷ್ಕರದ ನಡುವೆ ಬೇಯಿಸಿದ ಗೂಡು

ನನ್ನ ಕೈ ಕೆಟ್ಟಿದೆ ಎಂದು ಮೇಸ್ತ್ರಿ ಎಲ್ಲರ ಎದುರಿಗೆ ಹೇಳಿದ ದಿನ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ. ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು, ಕೆಟ್ಟಿರುವುದು ನನ್ನ ಕೈಯಲ್ಲ, ನಿಮ್ಮ ಕಣ್ಣು ಎಂದುಬಿಟ್ಟೆ. ಆತ ನಾನು ತೆಗೆದ ನೂಲಿನ ಲಡಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ನಸುಹಳದಿ ನೂಲಿನ ಮೇಲೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿದ್ದವು. ನನ್ನದೇ ರಕ್ತ. ಅಲ್ಲಿದ್ದ ಹೆಂಗಸರೆಲ್ಲ ನೋಡಿದರು. ವಾಸಿಯಾಗುವ ತನಕ ಮನೆಯಲ್ಲಿರು ಎಂದು ಹೇಳಿ ಆತ ಮುಂದಿನ ಸಾಲಿಗೆ ಹೋದ.

ವಾಸಿಯಾಗುವ ತನಕ ಎನ್ನುವ ಮಾತಿನ ಅರ್ಥ ನಮಗೆಲ್ಲ ಗೊತ್ತಿತ್ತು. ರೇಷ್ಮೆಗೆ ಅಷ್ಟು ಬೇಡಿಕೆ ಇದ್ದ ಕಾಲದಲ್ಲಿ ನೂಲು ತೆಗೆಯುವ ಬೇಸಿನ್ ಖಾಲಿ ಬಿಡುವವರು ಯಾರು? ಮಾರನೆಯ ದಿನವೇ ಇನ್ನೊಬ್ಬಳು ಬಂದು ಆ ಜಾಗದಲ್ಲಿ ಕೂರುತ್ತಿದ್ದಳು. ಹದಿನೈದು ದಿನ ಬಿಟ್ಟು ಕೈ ಸರಿಮಾಡಿಕೊಂಡು ಹೋದರೆ, ಜಾಗ ಇಲ್ಲವಲ್ಲಮ್ಮ, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದರು. ಆ ಮುಂದಿನ ತಿಂಗಳು ಬಂದದ್ದನ್ನು ನಾನಂತೂ ಕಾಣೆ.

ಇದು ರಾಮನಗರದ ಒಂದು ಫಿಲೇಚರಿನ ಮಾತು. ಫಿಲೇಚರ್ ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ. ಉದ್ದನೆಯ ಶೀಟಿನ ಮನೆ, ಎರಡು ಸಾಲು ಬೇಸಿನ್ನು, ಒಂದೊಂದರಲ್ಲೂ ಕುದಿಯುವುದಕ್ಕೆ ಒಂದು ಗೇಣು ಕಡಿಮೆ ಅನ್ನುವಷ್ಟು ಬಿಸಿಯಾದ ನೀರು. ಅದರಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಬೆರಳು ಅದ್ದಿ, ಗೂಡಿನ ಎಳೆಯ ತುದಿ ಹುಡುಕಿ, ಏಳೆಂಟು ಎಳೆಗಳನ್ನು ಸೇರಿಸಿ ಮೇಲೆ ತಿರುಗುವ ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ಅದ್ದಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಷ್ಟು ಸಲ ಅದ್ದುತ್ತಿದ್ದೆವೋ ಆ ದೇವರೇ ಲೆಕ್ಕ ಇಟ್ಟಿರಬೇಕು. ಮೊದಲು ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ, ಆಮೇಲೆ ಸಂದಿಗಳಲ್ಲಿ ಸೀಳುತ್ತದೆ. ರಾತ್ರಿ ಊಟಕ್ಕೆ ಕೂತರೆ ಮುದ್ದೆ ಮುರಿಯುವವರೆಗೆ ಪರವಾಗಿಲ್ಲ. ಹುಳಿ ಖಾರದ ಸಾರಿಗೆ ಬೆರಳು ತಾಗಿತೋ, ಜೀವ ಹೋಗಿ ಬಂದಂತಾಗುತ್ತಿತ್ತು.

ನಾನು ಬರುತ್ತಿದ್ದುದು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಿಂದ, ಬೆಳಗಿನ ಮೊದಲ ಬಸ್ಸಿಗೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳು ಮಗಳು. ಮಾವನ ಮನೆಯಲ್ಲೇ ಇದ್ದೆ. ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಗ ನಮ್ಮ ಕಡೆ ರಾಗಿ ಹೊಲಗಳೆಲ್ಲ ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಹುಳು ಸಾಕಿದವರ ಮನೆಗಳಿಗೆ ಸೋಗೆ ಹೋಗಿ ಹೆಂಚು ಬರುತ್ತಿತ್ತು, ಗೋಡೆಯ ಗೂಟಕ್ಕೆ ರೇಡಿಯೋ ಬರುತ್ತಿತ್ತು. ನಮ್ಮ ಮಾವನೂ ಎರಡು ಎಕರೆ ಸೊಪ್ಪು ಹಾಕಿದ್ದರು. ಆದರೆ ಗಂಡನಿಲ್ಲದವಳು ಮಗಳಿಗೊಂದು ಲಂಗ ಬೇಕೆಂದರೂ ಮೈದುನನ ಮುಖ ನೋಡಬೇಕು. ಫಿಲೇಚರಿಗೆ ಸೇರಿದ ಮೇಲೆ ಅದು ತಪ್ಪಿತ್ತು. ಆ ಹನ್ನೊಂದನೆಯ ನಂಬರಿನ ಬೇಸಿನ್ನಿನ ಮುಂದಿನ ಮಣೆ ಇಡೀ ಭೂಮಿಯ ಮೇಲೆ ನನ್ನದು ಅಂತ ಇದ್ದ ಒಂದೇ ಜಾಗ. ಅದು ಹೋದರೆ ನಾನು ಮತ್ತೆ ಮೈದುನನ ಮುಂದೆ ಕೈಯೊಡ್ಡಿ ನಿಲ್ಲಬೇಕಿತ್ತು. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಬಂದದ್ದು ಬಹಳ ಆಮೇಲಿನ ಮಾತು. ಆಗ ನಮ್ಮಂಥವರಿಗೆ ನಮ್ಮ ಸೀಮೆಯಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಅವತ್ತು ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದವಳು ಕೋಡಿಹಳ್ಳಿ ಅಕ್ಕ. ಕನಕಪುರದ ಆಚೆ ಕೋಡಿಹಳ್ಳಿಯಿಂದ ಮದುವೆಯಾಗಿ ರಾಮನಗರಕ್ಕೆ ಬಂದವಳಾದ್ದರಿಂದ ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ನಮ್ಮ ಸಂಘಕ್ಕೆ ಅವಳೇ ಮುಂದಾಳು. ಓದು ಬರಹ ಅಷ್ಟಕ್ಕಷ್ಟೆ. ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನೂ ನಾನು ಕೇಳಿಲ್ಲ. ಆದರೆ ಅವಳು ಎದ್ದು ನಿಂತರೆ ರಾಟೆಗಳೇ ನಿಧಾನವಾದಂತೆ ಅನ್ನಿಸುತ್ತಿತ್ತು. ಬೆಂಗಳೂರಿನಿಂದ ಯೂನಿಯನ್ನಿನ ಒಬ್ಬರು ತಿಂಗಳಿಗೊಮ್ಮೆ ಬಂದು ಕಾನೂನು ಹೇಳಿಕೊಡುತ್ತಿದ್ದರು. ಹೆಗಲಿಗೆ ಚೀಲ, ಕಾಲಿಗೆ ಸವೆದ ಚಪ್ಪಲಿ, ಒಳ್ಳೆಯ ಮನುಷ್ಯ. ಅವರು ಅರ್ಧ ಗಂಟೆ ಹೇಳಿದ್ದನ್ನು ಅಕ್ಕ ಮಾರನೆಯ ದಿನ ಊಟದ ಹೊತ್ತಿನಲ್ಲಿ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ಬಸ್ಸಿಗೆ ಕಾಯುತ್ತಾ ನಾನು ಮೇಸ್ತ್ರಿಯ ಏಳು ತಲೆಮಾರನ್ನು ಬೈದು ಮುಗಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ನನ್ನ ಕೈಯನ್ನು ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ‘ನಾಳೆ ಬಾ. ಒಳಗಡೆ ಕೂರಿಸ್ದಿದ್ರೆ ಎಲ್ರೂ ಈಚೆ ಕೂರನ’ ಎಂದಳು. ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂದು ನನಗೆ ನಂಬಿಕೆಯೇ ಬರಲಿಲ್ಲ.

ಮಾರನೆಯ ದಿನ ನಾನೂ ಸೇರಿ ನಲವತ್ತು ಹೆಂಗಸರೂ ಈಚೆ ಕೂತರು. ಬಾಯ್ಲರಿಗೆ ಸೌದೆ ಹಾಕುವವನೂ ಬಂದು ಹುಣಸೆಮರದ ಕೆಳಗೆ ಟವಲು ಹಾಸಿಕೊಂಡ. ಕೇಳಿದ್ದು ಒಂದೇ. ಕೈ ಸೀಳಿದವಳನ್ನು ಮನೆಗೆ ಕಳಿಸಬಾರದು, ವಾಸಿಯಾಗುವ ತನಕ ಗೂಡು ಆರಿಸುವ ಕೆಲಸಕ್ಕೆ ಕೂರಿಸಬೇಕು, ಅವಳ ಬೇಸಿನ್ನು ಅವಳಿಗೇ ಉಳಿಯಬೇಕು. ಗೂಡು ಆರಿಸುವುದು ಒಣ ಕೆಲಸ. ಕಲೆಯಾದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಇವನ್ನು ಬೇರೆ ಮಾಡುವುದು. ನೀರು ಮುಟ್ಟುವಂತಿಲ್ಲ. ಕೇಳಬಾರದ್ದನ್ನೇನೂ ನಾವು ಕೇಳಿರಲಿಲ್ಲ.

ಮಾಲೀಕರು ರಾಕ್ಷಸರೇನಲ್ಲ. ಎರಡು ಚರಕ ಇಟ್ಟುಕೊಂಡು ಸ್ವಂತ ಕೈಯಲ್ಲಿ ನೂಲು ತೆಗೆದು ಮೇಲೆ ಬಂದವರು. ಮಗಳ ಮದುವೆಗೆ ನಮ್ಮನ್ನೆಲ್ಲ ಕರೆದು, ಎಲೆ ಹಾಕಿ, ಎದುರಿಗೆ ನಿಂತು ಬಡಿಸಿದ್ದರು. ಆದರೆ ಇದು ಅವರಿಗೆ ಹಟದ ಮಾತಾಯಿತು. ಇವತ್ತು ಕೈ ಅಂತೀರಿ, ನಾಳೆ ಕಾಲು ಅಂತೀರಿ, ಹೀಗೇ ಆದರೆ ಫಿಲೇಚರ್ ಮುಚ್ಚಿ ತಮಿಳುನಾಡಿಗೆ ಹೋಗುತ್ತೇನೆ ಎಂದರು. ಊರಿನ ದೊಡ್ಡವರೂ ಹಾಗೇ ಹೇಳಿದರು. ಈಗಷ್ಟೇ ನಾಲ್ಕು ಕಾಸು ಕಾಣುತ್ತಿರುವ ಸೀಮೆ, ಸಂಘ ಗಿಂಘ ಅಂತ ಹಾಳು ಮಾಡಬೇಡಿ ಅಂತ. ಸೀಮೆ ಉದ್ಧಾರ ಆಗಬೇಕಾದರೆ ನಮ್ಮ ಬೆರಳು ಬೇಯಬೇಕು ಅನ್ನುವುದು ಯಾವ ನ್ಯಾಯ ಸ್ವಾಮಿ ಎಂದು ನಾನು ಒಬ್ಬರನ್ನು ಕೇಳಿಯೂ ಬಿಟ್ಟೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು.

ನಮ್ಮ ಕೈಯಲ್ಲಿ ಒಂದು ದೊಡ್ಡ ಅಸ್ತ್ರ ಇತ್ತು. ಮುಷ್ಕರದ ಹಿಂದಿನ ದಿನ ಮಾಲೀಕರು ಮಾರ್ಕೆಟ್ಟಿನಲ್ಲಿ ರಾಶಿ ಗೂಡು ಕೊಂಡಿದ್ದರು. ಗೂಡಿನೊಳಗೆ ಹುಳುವಿಗೆ ಜೀವ ಇರುತ್ತದೆ. ಐದಾರು ದಿನ ಬಿಟ್ಟರೆ ಅದು ಚಿಟ್ಟೆಯಾಗಿ ಗೂಡಿನ ತುದಿ ತೂತು ಮಾಡಿಕೊಂಡು ಈಚೆಗೆ ಬರುತ್ತದೆ. ತೂತಾದ ಗೂಡಿನಲ್ಲಿ ನೂಲು ಬರುವುದಿಲ್ಲ, ಎಳೆಯೆಲ್ಲ ತುಂಡು ತುಂಡು. ಅಷ್ಟರೊಳಗೆ ನೂಲು ತೆಗೆಯಬೇಕು, ಇಲ್ಲವೇ ಆವಿಯಲ್ಲಿ ಬೇಯಿಸಿ ಹುಳುವನ್ನು ಒಳಗೇ ಕೊಲ್ಲಬೇಕು. ಬೇಯಿಸಿ ನೆರಳಲ್ಲಿ ಒಣಗಿಸಿದ ಗೂಡು ತಿಂಗಳುಗಟ್ಟಲೆ ಇರುತ್ತದೆ. ಮಾಲೀಕರ ಬಳಿ ಬೇಯಿಸಲು ಆಳಿರಲಿಲ್ಲ. ಬೇರೆ ಫಿಲೇಚರಿನವರು ನಮ್ಮ ಮುಖ ನೋಡಿ ಬರಲಿಲ್ಲ. ಇವತ್ತೋ ನಾಳೆಯೋ ಇವರೇ ಒಳಗೆ ಬರುತ್ತಾರೆ ಅಂತ ಮಾಲೀಕರು ಕಾದರು. ಚಿಟ್ಟೆ ಬರುವ ಹೊತ್ತಿಗೆ ಇವರೇ ದಾರಿಗೆ ಬರುತ್ತಾರೆ ಅಂತ ನಾವು ಕಾದೆವು. ಬೆಂಗಳೂರಿನ ಯೂನಿಯನ್ನಿನವರು ಬಂದು, ಇನ್ನೆರಡು ದಿನ ಗಟ್ಟಿಯಾಗಿ ಕೂತರೆ ಗೆದ್ದಂತೆ ಎಂದು ಹೇಳಿ ಹೋದರು. ನಾನು ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ದಿನ ಎಣಿಸುತ್ತಿದ್ದೆ.

ಐದನೆಯ ದಿನ ಮಧ್ಯಾಹ್ನ ಗೂಡಿನ ಕೋಣೆಯ ಕಿಟಕಿಯ ಸರಳಿನ ಮೇಲೆ ಒಂದು ಚಿಟ್ಟೆ ಬಂದು ಕೂತಿತು. ಮೈಯೆಲ್ಲ ಇನ್ನೂ ಹಸಿ. ಹಾರಲು ಬರದ ಬಡ್ಡಿಮಗಂದು, ಸುಮ್ಮನೆ ರೆಕ್ಕೆ ಪಟಪಟ ಬಡಿಯುತ್ತಿತ್ತು. ಮೊದಲು ನೋಡಿದವಳು ನಾನೇ. ಖುಷಿಯಿಂದ ಎಲ್ಲರನ್ನೂ ಕೂಗಿದೆ, ಬಂದು ನೋಡಿ, ಮಾಲೀಕರ ಕಥೆ ಮುಗಿಯಿತು ಅಂತ. ಎಲ್ಲರೂ ಬಂದರು. ಯಾರೂ ನಗಲಿಲ್ಲ. ನನ್ನ ಪಕ್ಕದ ಬೇಸಿನ್ನಿನ ಆಪಾ, ಸಾಬರ ಬೀದಿಯವಳು, ಕಿಟಕಿಗೆ ಮುಖ ಇಟ್ಟು ಒಳಗೆ ನೋಡಿ, ತಟ್ಟೆ ತಟ್ಟೆಯಲ್ಲೂ ಸರಬರ ಅನ್ನುತ್ತಿದೆ ಎಂದು ಮೆಲ್ಲಗೆ ಹೇಳಿದಳು. ಮಾಗಡಿ ಕಡೆ ಬಿತ್ತನೆ ಗೂಡು ಬೆಳೆಯುವವರಿಗೆ ಚಿಟ್ಟೆ ಬಂದರೆ ಹಬ್ಬ, ಮೊಟ್ಟೆಗಾಗಿಯೇ ಅವರು ಕಾಯುವುದು. ನಮ್ಮ ಕಡೆ ಚಿಟ್ಟೆ ಬಂತೆಂದರೆ ಬೆಳೆ ಮಣ್ಣು ಪಾಲಾದಂತೆ. ಅಲ್ಲಿದ್ದವರಲ್ಲಿ ಬಹಳ ಜನ ಹುಳು ಸಾಕುವ ಮನೆಯವರು. ಇರುವೆ ಮೊಟ್ಟೆಯಷ್ಟಿದ್ದ ಹುಳುವಿಗೆ ಸೊಪ್ಪು ಹೆಚ್ಚಿ ಹಾಕಿ, ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ಬಾಣಂತಿ ಮನೆಯಂತೆ ಒಗ್ಗರಣೆ ವಾಸನೆಯನ್ನೂ ಒಳಗೆ ಬಿಡದೆ ಕಾಪಾಡಿದವರು.

ಕೋಡಿಹಳ್ಳಿ ಅಕ್ಕ ಕಿಟಕಿಯಿಂದ ತಿರುಗಿ, ಬೇಯಿಸಿಬಿಡೋಣ ಎಂದಳು. ನೂಲು ತೆಗೆಯುವುದು ಬೇಡ, ಬೇಸಿನ್ ಮುಟ್ಟುವುದು ಬೇಡ, ಮುಷ್ಕರ ಮುಷ್ಕರವೇ. ಗೂಡನ್ನು ಮಾತ್ರ ಆವಿಗೆ ಹಾಕಿ, ಹರವಿ, ಮತ್ತೆ ಬಂದು ಮರದ ಕೆಳಗೆ ಕೂರೋಣ ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಿನಗೇನು ತಲೆ ಕೆಟ್ಟಿದೆಯಾ ಎಂದು ಕೇಳಿದೆ. ಹೋಗುವುದು ನನ್ನ ಜಾಗ, ನಿನ್ನದಲ್ಲ, ಆವಿಗೆ ಹಾಕುತ್ತಿರುವುದು ಗೂಡನ್ನಲ್ಲ, ನನ್ನನ್ನು ಎಂದೆ. ಇನ್ನೊಂದು ದಿನ ಸುಮ್ಮನಿದ್ದರೆ ಅವರೇ ಓಡಿ ಬರುತ್ತಾರೆ, ದುಡ್ಡು ಕೊಟ್ಟು ಕೊಂಡ ಮೇಲೆ ಆ ಗೂಡು ಅವರದು, ಹಾಳಾದರೆ ಅವರ ಹಣೆಬರಹ ಎಂದು ಕೂಗಾಡಿದೆ. ಈಗ ನೆನೆಸಿಕೊಂಡರೂ ಹೇಳುತ್ತೇನೆ, ನಾನು ಹೇಳಿದ್ದರಲ್ಲಿ ಲೆಕ್ಕಾಚಾರ ತಪ್ಪಿರಲಿಲ್ಲ.

ಅಕ್ಕ ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ‘ಕೊಂಡಿರೋದು ಅವ್ರೇ ಕಣಮ್ಮಿ. ಸಾಕಿರೋದು ನಮ್ಮಂಥೋರು. ಜಗಳ ಅವ್ರ ಮ್ಯಾಲೆ, ಬೆಳೆ ಮ್ಯಾಲಲ್ಲ’ ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ಒಬ್ಬೊಬ್ಬರೇ ಅವಳ ಹಿಂದೆ ಹೋದರು. ಮಾಲೀಕರು ಬಾಗಿಲಲ್ಲಿ ನಿಂತಿದ್ದವರು ಏನೂ ತೋಚದೆ ಪಕ್ಕಕ್ಕೆ ಸರಿದರು. ಹಂಡೆಗಳಿಗೆ ಬೆಂಕಿ ಬಿತ್ತು. ಬಿದಿರು ಬುಟ್ಟಿಗಳಲ್ಲಿ ಗೂಡು ತುಂಬಿ, ಮೇಲೆ ಒದ್ದೆ ಗೋಣಿ ಮುಚ್ಚಿ, ಹಂಡೆಯ ಬಾಯಿಗಿಟ್ಟು, ಇಳಿಸಿ, ನೆರಳಲ್ಲಿ ಹರವಿ, ಕೆಲಸ ಮುಗಿಯುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಮೂವತ್ತೊಂಬತ್ತು ಜನ ಹೋದರು. ನಾನು ಹೋಗಲಿಲ್ಲ. ಹುಣಸೆಮರದ ಕೆಳಗೆ ಬೆನ್ನು ತಿರುಗಿಸಿಕೊಂಡು ಕೂತಿದ್ದೆ. ಬುಟ್ಟಿ ಇಳಿಸುವಾಗ ಗೋಣಿ ಜಾರಿ ಆಪಾಳ ಬಲಗೈಗೆ ಆವಿ ಹೊಡೆಯಿತು ಎಂದು ಯಾರೋ ಓಡಿಬಂದು ಹೇಳಿದಾಗಲೂ ನಾನು ಏಳಲಿಲ್ಲ.

ಊರೆಲ್ಲ ನಕ್ಕಿತು. ಟೀ ಅಂಗಡಿಯಲ್ಲಿ ಕೂತವರು, ಮುಷ್ಕರ ಮಾಡುವವರೇ ಮಾಲೀಕನ ಗೂಡು ಬೇಯಿಸಿ ಕೊಟ್ಟರಂತೆ, ಇಂಥಾ ಪೆದ್ದಿಯರನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿಸುವಂತೆಯೇ ಹೇಳಿದರು. ಬೆಂಗಳೂರಿನವರು ಬಂದು ತಲೆಯ ಮೇಲೆ ಕೈಹೊತ್ತು ಕೂತರು. ಇಷ್ಟು ವರ್ಷ ಇಷ್ಟು ಕಾರ್ಖಾನೆ ಕಂಡಿದ್ದೇನೆ, ಹೀಗೆ ಮಾಡಿದವರನ್ನು ಕಂಡಿಲ್ಲ ಎಂದರು. ಮಾಲೀಕರಿಗೆ ಈಗ ಆತುರವೇ ಇರಲಿಲ್ಲ. ಒಂದು ವಾರ ಕಳೆಯಿತು. ಯಾರೂ ಕರೆಯಲಿಲ್ಲ. ನನ್ನ ಕೈ ಮಾತ್ರ ದಿನದಿನಕ್ಕೆ ವಾಸಿಯಾಗುತ್ತಾ ಬಂತು.

ಅಷ್ಟರಲ್ಲಿ ನಮ್ಮ ಮನೆಯ ಬೆಳೆ ಬಂತು. ಮಾವ ಗೂಡನ್ನು ಚಂದ್ರಿಕೆ ಎನ್ನುವ ಬಿದಿರು ತಟ್ಟಿಯಿಂದ ಬಿಡಿಸಿ ಮೂಟೆ ಕಟ್ಟಿದರು. ಮೈದುನ ಊರಲ್ಲಿರಲಿಲ್ಲ. ಹೇಗೂ ಕೆಲಸವಿಲ್ಲದೆ ಕೂತಿದ್ದೀಯಲ್ಲ, ಮೂಟೆ ನೋಡಿಕೊಳ್ಳಲು ಬಾ ಎಂದು ನನ್ನನ್ನು ಕರೆದುಕೊಂಡು ಹೊರಟರು. ನಮ್ಮ ಮಾವ ಮಾತು ಕಡಿಮೆ ಇದ್ದ ಮನುಷ್ಯ. ಸೊಸೆ ಫಿಲೇಚರಿಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಿದವರೂ ಅಲ್ಲ. ಬಸ್ಸಿನ ಟಾಪಿನ ಮೇಲೆ ಮೂಟೆ ಹಾಕಿಸಿ, ರಾಮನಗರ ಬರುವ ತನಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡುತ್ತಲೇ ಇದ್ದರು.

ರಾಮನಗರದ ಗೂಡಿನ ಮಾರ್ಕೆಟ್ ನೋಡದವರಿಗೆ ಏನು ಹೇಳಲಿ. ಸಾಲು ಸಾಲು ತಟ್ಟೆಗಳಲ್ಲಿ ಗೂಡು ಸುರಿದಿರುತ್ತಾರೆ. ಕೊಳ್ಳುವವರು ಹಿಡಿ ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಅಮುಕಿ ನೋಡುತ್ತಾರೆ. ಹರಾಜು ಕೂಗುತ್ತಾರೆ. ಆದರೆ ಕಡೆಯ ಮಾತು ಬೆಳೆದವನದೇ. ಎಷ್ಟು ದೊಡ್ಡ ಕೂಗಾದರೂ ಅವನು ಒಪ್ಪುವುದಿಲ್ಲ ಅಂದರೆ ವ್ಯಾಪಾರವಿಲ್ಲ. ನಮ್ಮ ಗೂಡು ಆ ಸಲ ಗಟ್ಟಿಯಾಗಿತ್ತು. ಎಲ್ಲರಿಗಿಂತ ಮೇಲೆ ಕೂಗಿದವರು ಯಾರೆಂದು ನೋಡಿದರೆ, ನಮ್ಮ ಮಾಲೀಕರು! ಮುಷ್ಕರ ಮುಗಿದ ಮೇಲೆ ಬೇಕಾಗುತ್ತದೆ, ಬೇಯಿಸಿ ಇಟ್ಟುಕೊಂಡರಾಯಿತು ಅಂತ ಕೊಳ್ಳಲು ಬಂದಿದ್ದರು. ಈಗ ಬೇಯಿಸಲು ಬೇರೆ ಎಲ್ಲಿಂದಲೋ ಆಳು ತರಿಸಿಕೊಂಡಿದ್ದರು. ನಾನು ಮೂಟೆಗಳ ಹಿಂದೆ ಮುದುರಿ ಕೂತೆ.

ಮಾವ ಒಪ್ಪಲಿಲ್ಲ. ಮಾಲೀಕರು ಇನ್ನೊಂದಿಷ್ಟು ಏರಿಸಿದರು. ಮಾವ ಆಗಲೂ ಒಪ್ಪಲಿಲ್ಲ. ಯಾಕಪ್ಪ, ನನ್ನ ದುಡ್ಡಿಗೇನು ಹುಳುಕು ಎಂದು ಅವರು ಕೇಳಿದರು. ಸುತ್ತ ಜನ ನಿಂತಿದ್ದರು. ಆಗ ನಮ್ಮ ಮಾವ, ಮನೆಯಲ್ಲಿ ದಿನಕ್ಕೆ ಹತ್ತು ಮಾತೂ ಆಡದ ಮಾವ, ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡು ಮಾತಾಡಿದರು.

‘ದುಡ್ಡಲ್ಲೇನೂ ಹುಳುಕಿಲ್ಲ ಸ್ವಾಮಿ. ನೀವು ಈಚೆಗ್ ಹಾಕ್ದೋಳು ನನ್ ಸೊಸೆ. ಅವ್ಳೂ ಆ ಹೆಣ್ಮಕ್ಳೂ ಸೇರ್ಕಂಡು ನಿಮ್ ಗೂಡ ಉಳಿಸ್ಕೊಟ್ರು. ಕೈ ಸುಟ್ಕಂಡು ಉಳಿಸ್ಕೊಟ್ರು. ಅವ್ರ್ನ ಒಳೀಕ್ ಕರ್ಕಳ ಗಂಟ ನನ್ ಗೂಡು ನಿಮ್ಗಿಲ್ಲ.’

ಪಕ್ಕದ ತಟ್ಟೆಯವನು, ಯಾವ ಊರಿನವನೋ ನನಗೆ ಗೊತ್ತಿಲ್ಲ, ನಂದೂ ಇಲ್ಲ ಎಂದ. ಅವನ ಆಚೆಯವನೂ ಅಂದ. ನಮ್ಮ ಗೂಡು ಒಸಿ ಕಮ್ಮಿಗೆ ಬೇರೆಯವರಿಗೆ ಹೋಯಿತು. ನಾನು ತಲೆ ಎತ್ತಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಎಂಥಾ ಹೆಣ್ಣುಮಗಳು ಅನ್ನುವ ಹಾಗೆ. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಗೂಡು ಬೇಯಿಸಿದ ಸುದ್ದಿ ಮಾವನಿಗೆ ಊರಿನ ಬಸ್ಸಿನಲ್ಲಿ ಸಿಕ್ಕಿತ್ತು. ನನ್ನ ಸೊಸೆಯೂ ಇದ್ದಾಳೆ ಅಂತ ಅವರೇ ಸೇರಿಸಿಕೊಂಡಿದ್ದರು. ಇಲ್ಲದಿರಬಹುದು ಎನ್ನುವುದು ಅವರಿಗೆ ಹೊಳೆದೇ ಇರಲಿಲ್ಲ.

ಬಸ್ಸಿನಲ್ಲಿ ಬರುವಾಗ ನನ್ನೊಳಗೆ ದೊಡ್ಡ ಕದನ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಮಾರ್ಕೆಟ್ಟಿನಲ್ಲಿ ಇನ್ನೂ ನಾಲ್ಕು ಜನ ಗೂಡು ಕೊಡುವುದಿಲ್ಲ ಎಂದರೆ ಮಾಲೀಕರು ಮಣಿಯುತ್ತಾರೆ, ನನ್ನ ಜಾಗ ನನಗೆ ಸಿಗುತ್ತದೆ. ಹೇಳಿಬಿಟ್ಟರೆ? ಜನ ತಿರುಗಿಬಿದ್ದರೆ? ಊರ ಬಾಗಿಲಲ್ಲಿ ಬಸ್ಸಿಳಿದು, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಮಾವ ಮುಂದೆ ಮುಂದೆ ನಡೆಯುತ್ತಿದ್ದರು. ಅವರ ನಡಿಗೆಯಲ್ಲಿ ಒಂದು ಗತ್ತಿತ್ತು. ಮಗ ಹೋದ ಮೇಲೆ ನಾನು ಅದನ್ನು ಕಂಡಿರಲಿಲ್ಲ. ಆ ಗತ್ತು ನನ್ನಿಂದ ಬಂದದ್ದು, ನಾನು ಮಾಡದ ಕೆಲಸದಿಂದ ಬಂದದ್ದು. ನನಗೆ ತಡೆಯಲಾಗಲಿಲ್ಲ. ಅಲ್ಲೇ ರಸ್ತೆಯಲ್ಲಿ ನಿಲ್ಲಿಸಿ ಹೇಳಿಬಿಟ್ಟೆ, ನಾನು ಒಳಗೆ ಹೋಗಿರಲಿಲ್ಲ ಮಾವ, ಮರದ ಕೆಳಗೆ ಕೂತಿದ್ದೆ, ಬೇಡ ಅಂದವಳೂ ನಾನೇ ಅಂತ.

ಅವರು ಬಯ್ಯಲಿಲ್ಲ. ನನ್ನನ್ನು ನೋಡಲೂ ಇಲ್ಲ. ‘ಮಾರ್ಕೆಟ್ಟಲ್ಲಿ ಸುಳ್ಳು ಹೇಳ್ಬುಟ್ನಲ್ಲವ್ವ’ ಎಂದರು. ಅಷ್ಟೇ. ರಾತ್ರಿ ಊಟ ಅರ್ಧಕ್ಕೆ ಬಿಟ್ಟು ಎದ್ದರು.

ಬೆಳಿಗ್ಗೆ ಎದ್ದು ನೋಡಿದರೆ ಮಾವ ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ನಿಂತಿದ್ದಾರೆ. ಮಾರಲು ಒಂದು ಗೂಡಿಲ್ಲ. ನೀನೂ ಬಾ ಎಂದರು. ನಾನು ಹಿಂದೆಯೇ ಹೊರಟೆ. ಮಾರ್ಕೆಟ್ಟಿನಲ್ಲಿ ಹರಾಜು ಶುರುವಾಗುವ ಮುಂಚೆ ಹಿಂದಿನ ದಿನ ನಿಂತಿದ್ದ ಜಾಗದಲ್ಲೇ ಹೋಗಿ ನಿಂತರು. ಮಾಲೀಕರೂ ಇದ್ದರು. ಮಾವ ಅವರಿಗೆ ಹೇಳಲಿಲ್ಲ, ಅಕ್ಕಪಕ್ಕದ ರೈತರಿಗೆ ಹೇಳಿದರು. ನಿನ್ನೆ ನನ್ನ ಸೊಸೆಯೂ ಗೂಡು ಬೇಯಿಸಿದಳು ಎಂದೆ, ಅದು ತಪ್ಪು, ಅವಳು ಹೋಗಿರಲಿಲ್ಲ, ಮಿಕ್ಕ ಮೂವತ್ತೊಂಬತ್ತು ಜನ ಬೇಯಿಸಿದರು, ಗೊತ್ತಿಲ್ಲದೆ ಆಡಿದ ಮಾತು, ಮನಸ್ಸಿಗೆ ಹಾಕಿಕೊಳ್ಳಬೇಡಿ ಎಂದರು. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡರು. ಜೀವನದಲ್ಲಿ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿಲ್ಲ. ಯಾರ ಮೇಲೂ ಅಷ್ಟು ಗೌರವ ಬಂದದ್ದೂ ಇಲ್ಲ. ಎರಡೂ ಒಟ್ಟಿಗೇ ಆಯಿತು, ಕಣ್ಣಲ್ಲಿ ನೀರು ಬಂತು.

ಮಾಲೀಕರು ಬಿಡುತ್ತಾರೆಯೇ. ನೋಡಿದಿರಾ, ಯಾರಿಗೋಸ್ಕರ ಗೂಡು ಕೊಡುವುದಿಲ್ಲ ಅಂತ ಹಟ ಹಿಡಿದಿದ್ದೀರೋ ಅವಳೇ ಕೈ ಹಾಕಿಲ್ಲ ಎಂದು ನಕ್ಕರು. ನನ್ನ ಜಾಗ ಅಲ್ಲಿಗೆ ಹೋಯಿತು ಎಂದುಕೊಂಡೆ. ಹಿಂದಿನ ದಿನ ಪಕ್ಕದ ತಟ್ಟೆಯಲ್ಲಿದ್ದ ಅದೇ ರೈತ ಅವತ್ತೂ ಇದ್ದ. ಅವನು ತಟ್ಟೆಯ ಗೂಡು ಹರವುತ್ತಾ, ಒಬ್ಬಳು ಹಾಕದಿದ್ದರೆ ಏನಾಯಿತು, ಮೂವತ್ತೊಂಬತ್ತು ಜನ ಹಾಕಿದರಲ್ಲ, ನಿಮ್ಮ ಪರವಾಗಿಯೂ ಯಾರಾದರೂ ಹೀಗೆ ಬಂದು ತಪ್ಪಾಯಿತು ಅಂದಿದ್ದರೆ ನಾವೂ ಕೊಡುತ್ತಿದ್ದೆವು ಎಂದ. ಅವತ್ತು ಮಾಲೀಕರಿಗೆ ಆ ಸಾಲಿನಲ್ಲಿ ಒಂದು ಹಿಡಿ ಗೂಡೂ ಹುಟ್ಟಲಿಲ್ಲ. ಮಾರನೆಯ ದಿನ ಇನ್ನೆರಡು ಸಾಲಿನವರು ಸೇರಿಕೊಂಡರು.

ಹೊರಗಿನ ಆಳು ಹಾಕಿ ನೂಲು ತೆಗೆಸಿದರೂ ಬೇಯಿಸಿ ಒಣಗಿಸಿದ್ದ ಗೂಡು ಎಷ್ಟು ದಿನಕ್ಕೆ ಬಂದೀತು? ಹೊಸ ಗೂಡು ಸಿಗದಿದ್ದರೆ ಫಿಲೇಚರ್ ಇದ್ದೂ ಇಲ್ಲದಂತೆ. ನಾಲ್ಕನೆಯ ದಿನ ಮಾಲೀಕರು ಹುಣಸೆಮರದ ಕೆಳಗೆ ತಾವೇ ಬಂದರು. ಕೋಡಿಹಳ್ಳಿ ಅಕ್ಕನೊಂದಿಗೆ ಅರ್ಧ ಗಂಟೆ ಮಾತಾಡಿದರು. ಕೇಳಿದ್ದಕ್ಕೆ ಒಪ್ಪಿ ಕಾಗದದ ಮೇಲೆ ಸಹಿ ಹಾಕಿದರು. ಬೆಂಗಳೂರಿನವರು ಆ ಕಾಗದವನ್ನು ಎರಡೆರಡು ಸಲ ಓದಿ, ಅಕ್ಕನಿಗೆ ಕೈ ಮುಗಿದರು. ಅವಳಿಗೆ ಮುಜುಗರವಾಗಿ, ಊಟ ಮಾಡಿದ್ದೀರಾ ಎಂದು ವಿಚಾರಿಸಿದಳು. ಆಮೇಲೆ ರಾಮನಗರದ ಬೇರೆ ಬೇರೆ ಫಿಲೇಚರುಗಳಲ್ಲೂ ಒಂದೊಂದಾಗಿ ಇದೇ ಪದ್ಧತಿ ಬಂತು. ತಮಿಳುನಾಡಿಗೆ ಯಾರೂ ಹೋಗಲಿಲ್ಲ, ಸೀಮೆಯೂ ಹಾಳಾಗಲಿಲ್ಲ. ಸಂಘ ಅಂದರೆ ಮುಚ್ಚಿಸುವುದು ಅಂತ ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಆ ಮೂವತ್ತೊಂಬತ್ತು ಜನ ಅವತ್ತು ಸಂಜೆ ಉಳಿಸಿದ್ದು ಬರೀ ಗೂಡನ್ನಲ್ಲ ಎಂದು ಅವರಿಗೆ ಹೇಗೆ ಹೇಳಲಿ. ಗೂಡು ಬೆಳೆಯುವವನಿಗೂ ನೂಲು ತೆಗೆಯುವವಳಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ, ಅವತ್ತಿನಿಂದ ಗೊತ್ತಾಯಿತು.

ಕೆಲಸಕ್ಕೆ ಮರಳಿದ ದಿನ ಬಾಯ್ಲರ್ ಹೊತ್ತಿಸಿ, ಪೂಜೆ ಮಾಡಿ, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. ಮೇಸ್ತ್ರಿ ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದ. ಗೂಡು ಆರಿಸುವ ಮೇಜಿನ ಹತ್ತಿರ ಒಂದೇ ಮಣೆ ಹಾಕಿದ್ದರು. ಕೈ ಕೆಟ್ಟವಳು ಮುಂದೆ ಬಾ ಎಂದು ನನ್ನನ್ನು ಕರೆದ. ಆ ಮಣೆಗೋಸ್ಕರ ಎಷ್ಟೆಲ್ಲ ಆಗಿತ್ತು! ನಾನು ಮುಂದೆ ಹೋಗಿ ನಿಂತೆ. ಮೂರು ವಾರ ನೀರು ಮುಟ್ಟದ ಕೈ, ಬೆಣ್ಣೆ ಹಚ್ಚಿದ ಕೈ, ಒಂದು ಸೀಳಿಲ್ಲ. ತಿರುಗಿ ನೋಡಿದೆ. ನನ್ನ ಬೇಸಿನ್ನಿನ ಪಕ್ಕದಲ್ಲಿ ಆಪಾ ಬಲಗೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಎಡಗೈಯಲ್ಲಿ ಎಳೆ ಹುಡುಕಲು ಆಗುತ್ತದೆಯೇ ಎಂದು ನೀರಲ್ಲಿ ಬೆರಳಾಡಿಸಿ ನೋಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಪಟ್ಟಿಯಲ್ಲಿದ್ದುದು ನಾನೊಬ್ಬಳೇ, ಹಾಗಾಗಿ ಅವಳೂ ಸುಮ್ಮನಿದ್ದಳು.

ನಾನು ಹೋಗಿ ಅವಳ ರೆಟ್ಟೆ ಹಿಡಿದು ಎಬ್ಬಿಸಿದೆ. ಬೇಡ ಬೇಡ ಎಂದರೂ ಬಿಡದೆ ಕರೆತಂದು ಆ ಮಣೆಯ ಮೇಲೆ ಕೂರಿಸಿ, ಹನ್ನೊಂದನೆಯ ನಂಬರಿಗೆ ಹೋಗಿ ಕೂತೆ. ನೀರಿಗೆ ಬೆರಳು ಅದ್ದಿದೆ. ಮೂರು ವಾರದ ಮೇಲೆ ಬಿಸಿ ಚುರಕ್ ಅಂದಿತು. ಮೇಸ್ತ್ರಿ ಹಿಂದೆಯೇ ಬಂದು, ಇಷ್ಟೆಲ್ಲ ಆದದ್ದು ನಿನಗೋಸ್ಕರ, ನೀನೇ ಬಂದು ಇಲ್ಲಿ ಕೂತರೆ ಪಟ್ಟಿಯಲ್ಲಿ ಏನಂತ ಬರೆದುಕೊಳ್ಳಲಿ ಎಂದು ಕೇಳಿದ.

‘ನನ್ ಕೈ ವಾಸಿ ಆಗೈತೆ. ಬೆಂದಿರೋದು ಅವಳ್ ಕೈ. ಹಂಗೇ ಬರ್ಕಳಿ’ ಎಂದೆ.